ಬ್ಲೂ ಪ್ರಿನ್ಸ್: ತಲೆ ಓಡಿಸೋದೆಷ್ಟು, ಸುಮ್ನೆ ಕಾಯೋದೆಷ್ಟು?

ತೋಟದಮನೆ (ಮೂಡಿಗೆರೆ ಕಡೆ)

ಬ್ಲೂ ಪ್ರಿನ್ಸ್ ಅನ್ನೋ ಒಗಟಿನ ವಿಡಿಯೋ ಗೇಮನ್ನು ಈ ಫೋರಂನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಬೈಯುವವರು ಯಾರೂ ಕಾಣಿಸಲಿಲ್ಲ, ಹಾಗಾಗಿ ಆ ಕೆಲಸ ನಾನೇ ಶುರು ಮಾಡುತ್ತೇನೆ. ಸ್ಪಾಯ್ಲರ್ ಸ್ವಲ್ಪ ಇದೆ, ದೊಡ್ಡ ಗುಟ್ಟು ಯಾವುದನ್ನೂ ಬಿಟ್ಟುಕೊಡುವುದಿಲ್ಲ.

ಆಡದವರಿಗೆ ಇಷ್ಟು ಸಾಕು. 2025ರ ಏಪ್ರಿಲ್‌ನಲ್ಲಿ ಬಂದ ಆಟ. ಡೋಗುಬಾಂಬ್ ಅನ್ನೋ ಸಣ್ಣ ಸ್ಟುಡಿಯೋದ ಟೋಂಡಾ ರೋಸ್ ಇದಕ್ಕೆ ಸುಮಾರು ಎಂಟು ವರ್ಷ ಹಾಕಿದ್ದಾರೆ. ಮೌಂಟ್ ಹಾಲಿ ಅಂತ ಒಂದು ಬಂಗಲೆ. ಅಗಲಕ್ಕೆ ಐದು, ಉದ್ದಕ್ಕೆ ಒಂಬತ್ತು, ಒಟ್ಟು 45 ಕೋಣೆ. 46ನೇ ಕೋಣೆ ಹುಡುಕಿದರೆ ಆಸ್ತಿ ಆಟದ ನಾಯಕನಾದ ಹುಡುಗನ ಪಾಲಿಗೆ. ಆದರೆ ಪ್ರತಿದಿನ ಬೆಳಿಗ್ಗೆ ಮನೆ ಖಾಲಿ. ಒಂದೊಂದು ಬಾಗಿಲು ತೆಗೆದಾಗಲೂ ಮೂರು ಕೋಣೆಗಳನ್ನು ಮುಂದಿಡುತ್ತದೆ, ಅದರಲ್ಲಿ ಒಂದನ್ನು ಆರಿಸಿ ಜೋಡಿಸಬೇಕು. ದಿನಕ್ಕೆ 50 ಹೆಜ್ಜೆ ಕೊಡುತ್ತಾರೆ. ಹೆಜ್ಜೆ ಮುಗಿದರೆ ಅಥವಾ ದಾರಿಗಳೆಲ್ಲ ಮುಚ್ಚಿಹೋದರೆ ಆ ದಿನ ಮುಗಿಯಿತು, ನಾಳೆ ಮತ್ತೆ ಮೊದಲಿಂದ.

ಶುರುವಿನಲ್ಲಿ ಇದರಷ್ಟು ರುಚಿಯಾದ ಆಟ ಇನ್ನೊಂದಿಲ್ಲ. ಎಲ್ಲಿ ನೋಡಿದರೂ ಏನೋ ಒಂದು ಸುಳಿವು. ಗೋಡೆಯ ಚಿತ್ರ, ಮೇಜಿನ ಮೇಲಿನ ಕಾಗದ, ಎಲ್ಲವೂ ಏನೋ ಹೇಳುತ್ತಿವೆ ಅನ್ನಿಸುತ್ತದೆ. ನನ್ನ ತಕರಾರು ಆಮೇಲಿನದು. ಉತ್ತರ ಗೊತ್ತಾದ ಮೇಲೆ ಏನಾಗುತ್ತದೆ ನೋಡಿ. ಪಂಪ್ ರೂಮ್‌ಗೆ ಹೋಗಿ ನೀರಿನ ಕೆಲಸ ಮಾಡಬೇಕು, ಅದಕ್ಕೆ ಬಾಯ್ಲರ್ ರೂಮ್‌ನಿಂದ ಶಕ್ತಿ ಹರಿಸಬೇಕು ಅಂತ ತಲೆಯಲ್ಲಿ ಪೂರ್ತಿ ಇದೆ. ಆದರೆ ಪಂಪ್ ರೂಮ್ ಬರಬೇಕಾದರೆ ಮೊದಲು ಪೂಲ್ ಬರಬೇಕು. ಪೂಲ್ ಬಂದ ದಿನ ಬಾಯ್ಲರ್ ಬರಲ್ಲ. ಬಾಯ್ಲರ್ ಬಂದ ದಿನ ಪೂಲ್ ಇಲ್ಲ. ಎರಡೂ ಬಂದ ದಿನ ಮಧ್ಯದಲ್ಲಿ ಜೋಡಿಸುವ ಕೋಣೆ ಸರಿಯಾಗಿ ಸಿಗಲ್ಲ. ಒಗಟು ಬಿಡಿಸಿ ಆಯಿತು, ಇನ್ನು ನಾನು ಮಾಡುತ್ತಿರೋದು ಏನು? ಕಾಯುವುದು, ಅಷ್ಟೇ.

ಅದರ ಮೇಲೆ ಇನ್ನೊಂದು. ಬಿಡುಗಡೆಯಾದಾಗ ದಿನದ ಮಧ್ಯೆ ಸೇವ್ ಮಾಡುವ ಅವಕಾಶ ಇರಲಿಲ್ಲ. ಮಲೆನಾಡಿನಲ್ಲಿ ಜೂನ್ ಜುಲೈ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಹೋಯಿತು, ಯುಪಿಎಸ್ ಕಿರುಚುತ್ತದೆ, ಅರ್ಧ ಕಟ್ಟಿದ ಮನೆ ಅಷ್ಟೂ ನೀರುಪಾಲು. ಹೀಗೆ ಒಂದು ಸಂಜೆ ಪೂರ್ತಿ ಕೈಬಿಟ್ಟ ಮೇಲೆ ನನಗೆ ಅನ್ನಿಸಿದ್ದು, ಆಡುವವನ ಹೊತ್ತಿಗೆ ಬೆಲೆ ಕೊಡದ ಆಟ ಎಷ್ಟೇ ಜಾಣತನದ್ದಾದರೂ ಅದಕ್ಕೆ ಹತ್ತಕ್ಕೆ ಹತ್ತು ಕೊಡೋಕೆ ಮನಸ್ಸು ಬರಲ್ಲ.

ಮೇಷ್ಟ್ರು_ಅರಸೀಕೆರೆ

ತೋಟದವರೇ, ಬೈಗುಳ ಚೆನ್ನಾಗಿದೆ, ಆದರೆ ಒಪ್ಪುವುದಿಲ್ಲ. ನಾನು ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಈ ಆಟ ಮೊಮ್ಮಗಳ ಜೊತೆ ಕೂತು ಆಡುತ್ತೇನೆ, ಕೀಬೋರ್ಡ್ ಅವಳದು, ನೋಟ್‌ಬುಕ್ ನನ್ನದು.

ನೀವು ಒಗಟು ಒಂದು ಕಡೆ, ಅದೃಷ್ಟ ಇನ್ನೊಂದು ಕಡೆ ಅಂತ ಬೇರೆ ಮಾಡಿ ನೋಡುತ್ತಿದ್ದೀರಿ. ಇದನ್ನು ಚೌಕಾಬಾರದ ಹಾಗೆ ನೋಡಿ. ಕವಡೆ ಎಷ್ಟು ಬೀಳುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ, ಯಾವ ಕಾಯಿ ನಡೆಸಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ನಮ್ಮ ಅಜ್ಜಿಯ ಎದುರು ಕೂತವರು ಯಾರೂ ಕವಡೆ ಸರಿ ಬೀಳಲಿಲ್ಲ ಅಂತ ಸೋತವರಲ್ಲ.

ಬ್ಲೂ ಪ್ರಿನ್ಸ್‌ನಲ್ಲಿ ಬೆಳಿಗ್ಗೆ ಒಂದೇ ಗುರಿ ಇಟ್ಟುಕೊಂಡು ಹೊರಟರೆ ನಿಮ್ಮ ಗತಿಯೇ. ನಾಲ್ಕೈದು ಗುರಿ ಜೊತೆಯಲ್ಲಿ ಇಟ್ಟುಕೊಂಡರೆ ಯಾವುದಾದರೂ ಒಂದು ಮುಂದೆ ಹೋಗೇ ಹೋಗುತ್ತದೆ. ಸಾಲದ್ದಕ್ಕೆ, ಅವಕಾಶವನ್ನು ಬದಲಾಯಿಸುವ ದಾರಿಗಳೂ ಇವೆ. ಕೆಲವು ಕೋಣೆ ಮನೆಯ ಒಂದೇ ಬದಿಗೆ ಬರುತ್ತವೆ. ಕೆಲವಕ್ಕೆ ರತ್ನ ಖರ್ಚು ಮಾಡಬೇಕು, ಕೈಯಲ್ಲಿ ರತ್ನ ಇಲ್ಲದಿದ್ದರೆ ಒಳ್ಳೆ ಕೋಣೆ ಕಣ್ಣೆದುರು ಬಂದರೂ ಪ್ರಯೋಜನವಿಲ್ಲ. ಮೂಲೆಯಲ್ಲಿ ಒಂದೇ ಬಾಗಿಲಿನ ಕೋಣೆಗಳನ್ನು ತುಂಬಿ, ನಡುಸಾಲನ್ನು ನಾಲ್ಕು ಬಾಗಿಲಿನವಕ್ಕೆ ಉಳಿಸಿಕೊಳ್ಳುವುದು ಲೆಕ್ಕಾಚಾರ ಅಲ್ವಾ? ಅದೂ ತಲೆ ಓಡಿಸುವುದೇ.

ಪಾರ್ಲರ್ ಕೋಣೆಯ ಮೂರು ಪೆಟ್ಟಿಗೆಗಳ ಬಗ್ಗೆ ನೀವು ಏನೂ ಹೇಳಲಿಲ್ಲ. ನನಗಂತೂ ಅದೊಂದಕ್ಕೇ ಕೊಟ್ಟ ದುಡ್ಡು ಬಂತು. ನೀಲಿ, ಬಿಳಿ, ಕಪ್ಪು ಪೆಟ್ಟಿಗೆ. ಒಂದರಲ್ಲಿ ಮಾತ್ರ ರತ್ನ. ನಿಯಮ ಏನೆಂದರೆ, ಕನಿಷ್ಠ ಒಂದು ಪೆಟ್ಟಿಗೆಯ ಮೇಲೆ ಬರೆದದ್ದು ಪೂರ್ತಿ ನಿಜ, ಕನಿಷ್ಠ ಒಂದರ ಮೇಲೆ ಬರೆದದ್ದು ಪೂರ್ತಿ ಸುಳ್ಳು. ಅದೇ ಮಾದರಿಯಲ್ಲಿ ನಾನು ಒಂದು ಮಾಡಿದ್ದೇನೆ, ಬಿಡಿಸಿ ನೋಡೋಣ:

ನೀಲಿ: ರತ್ನ ಬಿಳಿ ಪೆಟ್ಟಿಗೆಯಲ್ಲಿದೆ.
ಬಿಳಿ: ರತ್ನ ನೀಲಿ ಪೆಟ್ಟಿಗೆಯಲ್ಲಿಲ್ಲ.
ಕಪ್ಪು: ರತ್ನ ನೀಲಿಯಲ್ಲೂ ಇಲ್ಲ, ಇಲ್ಲೂ ಇಲ್ಲ.

ಬಿಎಂ_ರಸ್ತೆ_ಹಾಸನ

ಮೇಷ್ಟ್ರೇ, ಉತ್ತರ ಕಪ್ಪು ಪೆಟ್ಟಿಗೆ. ನೀಲಿಯಲ್ಲಿದ್ದರೆ ಮೂರೂ ಸುಳ್ಳಾಗುತ್ತವೆ, ನಿಯಮ ಮುರಿಯಿತು. ಬಿಳಿಯಲ್ಲಿದ್ದರೆ ಮೂರೂ ನಿಜ, ಅದೂ ಆಗಲ್ಲ. ಕಪ್ಪಿನಲ್ಲಿದ್ದರೆ ಬಿಳಿ ಒಂದು ನಿಜ, ಉಳಿದೆರಡು ಸುಳ್ಳು. ಮಾರ್ಕ್ಸ್ ಕೊಡಿ.

ಚರ್ಚೆಗೆ ಬಂದರೆ, ನಾನು ತೋಟದಮನೆ ಅಣ್ಣನ ಕಡೆ. ಈ ಪೆಟ್ಟಿಗೆ ಒಗಟು ಇಷ್ಟವಾಗೋದಕ್ಕೆ ಕಾರಣ ಅದು ಕೂತಲ್ಲೇ ಮುಗಿಯುತ್ತದೆ. ಬೇಕಾದ್ದೆಲ್ಲ ಕಣ್ಣೆದುರು ಇದೆ, ಬರದಿದ್ದರೆ ತಪ್ಪು ನನ್ನದೇ. ಬ್ಲೂ ಪ್ರಿನ್ಸ್‌ನ ದೊಡ್ಡ ಒಗಟುಗಳು ಹಾಗಲ್ಲವಲ್ಲ.

ನನ್ನದು ಹಳೇ ಲ್ಯಾಪ್‌ಟಾಪ್, ಕಾಲೇಜಿಗೆ ಅಂತ ಕೊಡಿಸಿದ್ದು, ಗ್ರಾಫಿಕ್ಸ್ ಕಾರ್ಡ್ ಅನ್ನೋದೇ ಇಲ್ಲ. ಅದರಲ್ಲಿ ಓಡಿದ್ದು ಆ್ಯನಿಮಲ್ ವೆಲ್. 2024ರ ಮೇನಲ್ಲಿ ಬಂತು, ಬಿಲ್ಲಿ ಬಾಸ್ಸೊ ಒಬ್ಬರೇ ಸುಮಾರು ಏಳು ವರ್ಷ ಕೂತು ಮಾಡಿದ್ದು. ಪೂರ್ತಿ ಆಟ ಸುಮಾರು 33 ಎಂಬಿ! ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ದಿನಾ ಬೆಳಿಗ್ಗೆ ಬರುವ ಶುಭೋದಯದ ವಿಡಿಯೋಗಳೇ ಅದಕ್ಕಿಂತ ಜಾಸ್ತಿ ಆಗುತ್ತವೆ. ಕತ್ತಿ ಇಲ್ಲ, ಗನ್ ಇಲ್ಲ. ಗುಳ್ಳೆ ಬಿಡುವ ಕಡ್ಡಿ, ಯೋ-ಯೋ, ಎಸೆಯುವ ಡಿಸ್ಕ್, ಇಂಥವೇ ಸಾಮಾನು. ಗುಳ್ಳೆ ಬಿಟ್ಟು ಅದರ ಮೇಲೇ ಕಾಲಿಟ್ಟು ಮೇಲೆ ಹಾರಬಹುದು ಅಂತ ಯಾರೂ ಹೇಳಿಕೊಡಲ್ಲ. ಒಂದು ಸಲ ಗೊತ್ತಾದ ಮೇಲೆ, ಅಲ್ಲಿವರೆಗೆ ಸುಮ್ನೆ ದಾಟಿ ಬಂದ ಎತ್ತರದ ಕಟ್ಟೆಗಳೆಲ್ಲ ನೆನಪಾಗುತ್ತವೆ. ಕಾಯೋದು ಅನ್ನೋದೇ ಇಲ್ಲಿ ಇಲ್ಲ. ಗೊತ್ತಾದ ಕ್ಷಣ ಹೋಗಿ ಮಾಡಬಹುದು.

ಕಾಫಿಹೂ

ಆ್ಯನಿಮಲ್ ವೆಲ್ ಬಗ್ಗೆ ಅರ್ಧ ಒಪ್ಪುತ್ತೇನೆ. ಮೊದಲ ಸುತ್ತು ಮುಗಿಸುವವರೆಗೆ ಚಿನ್ನ. ಎರಡನೇ ಸುತ್ತಿನಲ್ಲಿ 64 ಮೊಟ್ಟೆ ಹುಡುಕುವುದು, ಅದೂ ಸರಿ, ತಾಳ್ಮೆ ಇದ್ದವರಿಗೆ. ಅದರ ಕೆಳಗಿನ ಮೊಲಗಳ ಸುತ್ತು ಇದೆಯಲ್ಲ, ಅದು ಒಬ್ಬರಿಗೆ ಮಾಡಿದ್ದೇ ಅಲ್ಲ. ಒಂದು ಚಿತ್ರದ ತುಂಡುಗಳು ಬೇರೆ ಬೇರೆ ಆಟಗಾರರ ಹತ್ತಿರ ಬೇರೆ ಬೇರೆ ಇರುತ್ತವೆ, ಐವತ್ತು ತುಂಡು ಸೇರಿಸಬೇಕು. ಬಂದ ಹೊಸದರಲ್ಲಿ ಪ್ರಪಂಚದ ಜನ ಎಲ್ಲ ಸೇರಿ ಬಿಡಿಸಿದರು, ಮಜಾ ಬಂದಿರಬಹುದು. ಈಗ ಆಡುವವರಿಗೆ ಉಳಿದಿರೋದು ಗೂಗಲ್ ಮಾಡುವುದು ಮಾತ್ರ. ಇದನ್ನು ವಿಮರ್ಶೆಗಳಲ್ಲಿ ಯಾರೂ ಗಟ್ಟಿಯಾಗಿ ಹೇಳಲ್ಲ, ಯಾಕೆಂದರೆ ವಿಮರ್ಶೆ ಬರೆಯುವವರು ಬಿಡುಗಡೆಯ ವಾರದಲ್ಲೇ ಆಡಿರುತ್ತಾರೆ.

ನನ್ನ ಮೆಚ್ಚಿನದು ಲೊರೆಲೈ ಆ್ಯಂಡ್ ದ ಲೇಸರ್ ಐಸ್. ಅದೂ 2024ರ ಮೇ. ಸ್ವೀಡನ್ನಿನ ಸಿಮೋಗೋ ಮಾಡಿದ್ದು. ಕಪ್ಪು ಬಿಳುಪಿನ ಒಂದು ಹಳೇ ಹೋಟೆಲ್, ಅಲ್ಲಲ್ಲಿ ಕೆಂಪು ಬಣ್ಣ. ಬಾಗಿಲಿಗೊಂದು ಬೀಗ, ಬೀಗಕ್ಕೊಂದು ಸಂಖ್ಯೆ. ಇಸವಿಗಳು, ರೋಮನ್ ಅಂಕಿಗಳು, ಪೋಸ್ಟರ್‌ಗಳು, ಚಕ್ರವ್ಯೂಹಗಳು. ಪಕ್ಕದಲ್ಲಿ ಪೆನ್ನು ಕಾಗದ ಇಟ್ಟುಕೊಳ್ಳದೆ ಆಗಲ್ಲ. ಎಲ್ಲ ಬೀಗವೂ ನಿಂತ ಜಾಗದಲ್ಲೇ ನಿಂತಿದೆ, ಮನೆ ರಾತ್ರಿ ಬೆಳಗಾಗುವುದರೊಳಗೆ ಮಾಯವಾಗಲ್ಲ. ಒಂದು ಬಾಗಿಲು ಬಾರದಿದ್ದರೆ ಇನ್ನೊಂದಕ್ಕೆ ಹೋಗಿ, ಚಿಂತೆಯಿಲ್ಲ.

ಆದರೆ ಅದರ ಬಟನ್ ವ್ಯವಸ್ಥೆ ಮಾತ್ರ ಹಿಂಸೆ. ನಡೆಯುವುದು ಬಿಟ್ಟರೆ ಉಳಿದದ್ದಕ್ಕೆಲ್ಲ ಒಂದೇ ಬಟನ್. ವಾಪಸ್ ಹೋಗುವ ಬಟನ್ ಅಂತಲೇ ಇಲ್ಲ. ಒಂದು ಕಾಗದ ತೆಗೆದು ನೋಡಿ, ಮುಚ್ಚಿ, ಇನ್ನೊಂದು ತೆಗೆಯಬೇಕು ಅಂದರೆ ಪಟ್ಟಿಯ ಕೊನೆಯವರೆಗೆ ಇಳಿದು ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ದಿನಕ್ಕೆ ನೂರು ಸಲ ಮಾಡುವ ಕೆಲಸ ಇದು. ಸೊಗಸಿಗೆ ಮಾಡಿದ್ದಾರೆ, ಕೈ ನೋಯುವುದು ನಮ್ಮದು.

ತೋಟದಮನೆ

ಕಾಫಿಹೂ ಅಕ್ಕ, ಸರಿಯಾಗಿ ಹೇಳಿದಿರಿ. ಲೊರೆಲೈನಲ್ಲಿ ಬೈಯಬೇಕಾದ್ದು ಮೆನು ಮಾತ್ರ, ಒಗಟನ್ನಲ್ಲ. ಬ್ಲೂ ಪ್ರಿನ್ಸ್‌ನಲ್ಲಿ ಒಗಟಿನ ಮೈಯಲ್ಲೇ ಕಾಯುವಿಕೆ ಸೇರಿಕೊಂಡಿದೆ.

ಮೇಷ್ಟ್ರೇ, ಚೌಕಾಬಾರ ಅರ್ಧ ಗಂಟೆಗೆ ಮುಗಿಯುತ್ತದೆ. ಇದು ತಿಂಗಳುಗಟ್ಟಲೆ. ನಾಲ್ಕೈದು ಗುರಿ ಇಟ್ಟುಕೊಳ್ಳಿ ಅಂದಿರಲ್ಲ, ಶುರುವಿನಲ್ಲಿ ಅದು ನಿಜ. 46ನೇ ಕೋಣೆ ಮುಟ್ಟಿದ ಮೇಲೂ ಆಟ ಮುಂದುವರಿಯುತ್ತದೆ, ನಿಜವಾದ ಕಥೆ ಆಮೇಲೆಯೇ ಇರೋದು. ಅಷ್ಟು ಹೊತ್ತಿಗೆ ಉಳಿದಿರುವ ಗುರಿಗಳೇ ಒಂದೋ ಎರಡೋ. ಆಗ ನಿಮ್ಮ ಲೆಕ್ಕಾಚಾರ ಎಲ್ಲಿ ಹೋಗುತ್ತದೆ?

ಮೇಷ್ಟ್ರು_ಅರಸೀಕೆರೆ

ಕೊನೆಯ ಭಾಗಕ್ಕೆ ನಿಮ್ಮ ಮಾತು ಒಪ್ಪಬಹುದು. ಆದರೆ ಮೊದಲ ಮುಕ್ತಾಯದವರೆಗೆ ಒಪ್ಪಲ್ಲ. ಬಿಎಂ ರಸ್ತೆಗೆ ಹತ್ತಕ್ಕೆ ಹತ್ತು.

ಗೊರೂರು_ಹಿನ್ನೀರು

ನಡುವೆ ಬಾಯಿ ಹಾಕುತ್ತೇನೆ. ಬ್ಲೂ ಪ್ರಿನ್ಸ್‌ನ ಇನ್ನೊಂದು ದೋಷ ನೀವು ಯಾರೂ ಹೇಳಲಿಲ್ಲ. ನನ್ನ ತಮ್ಮನಿಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗಲ್ಲ. ಬಣ್ಣ ನೋಡಿ ಬಿಡಿಸುವ ಒಗಟುಗಳು ಅದರಲ್ಲಿವೆ, ಬಿಡುಗಡೆಯ ಹೊತ್ತಿಗೆ ಅಂಥವರಿಗೆ ಏನೂ ಅನುಕೂಲ ಮಾಡಿಕೊಟ್ಟಿರಲಿಲ್ಲ. ಎಂಟು ವರ್ಷ ಕೂತು ಮಾಡಿದವರಿಗೆ ಇದು ಹೊಳೆಯಲಿಲ್ಲ ಅಂದರೆ ಏನು ಹೇಳೋಣ.

ಇಂಗ್ಲಿಷ್ ಅಕ್ಷರಗಳ ಆಟವೂ ಜಾಸ್ತಿ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಅಲ್ಲಿ ಒಗಟಿಗಿಂತ ಡಿಕ್ಷನರಿಯೇ ಅಡ್ಡ ಬರುತ್ತದೆ. ಅದಕ್ಕೇ ನನಗೆ ಚಾಂಟ್ಸ್ ಆಫ್ ಸೆನ್ನಾರ್ ಇಷ್ಟ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಫ್ರಾನ್ಸಿನ ಆಟ. ಒಂದು ದೊಡ್ಡ ಗೋಪುರ, ಅಂತಸ್ತಿಗೊಂದು ಜನಾಂಗ, ಒಬ್ಬೊಬ್ಬರ ಲಿಪಿ ಒಂದೊಂದು. ಆ ಲಿಪಿ ಭೂಮಿಯ ಮೇಲೆ ಯಾರಿಗೂ ಬರಲ್ಲ, ಹಾಗಾಗಿ ಲಂಡನ್ನಿನವನೂ ಗೊರೂರಿನವನೂ ಒಂದೇ ಗೆರೆಯಿಂದ ಓಡಬೇಕು. ಬೋರ್ಡು ನೋಡಿ, ಜನರ ಕೈಸನ್ನೆ ನೋಡಿ ಇದು ‘ಬಾಗಿಲು’ ಇರಬಹುದು, ಇದು ‘ತೆರೆ’ ಇರಬಹುದು ಅಂತ ಪಕ್ಕದಲ್ಲಿ ಬರೆದಿಡುತ್ತೀರಿ. ಚಿತ್ರಗಳಿರುವ ಒಂದು ಪುಟದಲ್ಲಿ ಅಷ್ಟೂ ಸರಿ ಇದ್ದರೆ ಮಾತ್ರ ಪುಟ ಒಪ್ಪುತ್ತದೆ. ಯೋಧರ ಅಂತಸ್ತಿಗೆ ಹೋದಾಗ ಕಾವಲುಗಾರರ ಕಣ್ಣು ತಪ್ಪಿಸಿ ಓಡುವ ಭಾಗ ಬರುತ್ತದೆ, ಅದೊಂದು ಬೇಡವಾಗಿತ್ತು. ಮಾತು ಕಲಿಯಲು ಕೂತವನನ್ನು ಎಬ್ಬಿಸಿ ಕಣ್ಣಾಮುಚ್ಚಾಲೆ ಆಡು ಅಂದರೆ ಸಿಟ್ಟು ಬರಲ್ವಾ?

ಬಿಎಂ_ರಸ್ತೆ_ಹಾಸನ

ಭಾಷೆಯೇ ಬೇಡ ಅನ್ನುವವರಿಗೆ ಕೊಕೂನ್ ಇದೆ. ಅದೂ 2023ರ ಸೆಪ್ಟೆಂಬರ್. ಲಿಂಬೊ, ಇನ್‌ಸೈಡ್ ಆಟಗಳ ಒಗಟು ಮಾಡಿದ ಯೆಪ್ಪೆ ಕಾರ್ಲ್‌ಸನ್ ಅವರದು. ಒಂದು ಗೋಲಿಯೊಳಗೆ ಒಂದು ಪ್ರಪಂಚ, ಆ ಗೋಲಿಯನ್ನು ಹೊತ್ತುಕೊಂಡು ಇನ್ನೊಂದು ಗೋಲಿಯೊಳಗೆ ಹೋಗೋದು. ಒಂದಕ್ಷರ ಬರಹ ಇಲ್ಲ. ನೀವು ಮುಂದೆ ಹೋದ ಹಾಗೆ ಹಿಂದಿನ ದಾರಿಯನ್ನು ಮೆಲ್ಲಗೆ ಮುಚ್ಚಿಬಿಡುತ್ತದೆ, ಹಾಗಾಗಿ ಉತ್ತರ ಯಾವಾಗಲೂ ಹತ್ತಿರದಲ್ಲೇ ಇರುತ್ತದೆ. ಸುಮ್ನೆ ಅಲೆದಾಡಿ ಸಾಯಬೇಕಾಗಿಲ್ಲ.

ಕಾಫಿಹೂ

ಅದೇ ಅದರ ಕೊರತೆ ಕೂಡ. ಕೈ ಹಿಡಿದು ನಡೆಸಿಕೊಂಡು ಹೋಗುತ್ತದೆ, ಅಷ್ಟು ನಯವಾಗಿ ಅಂದರೆ ನಮಗೆ ಗೊತ್ತೇ ಆಗಲ್ಲ. ಮುಗಿದ ಮೇಲೆ ನಾನು ಏನಾದರೂ ಬಿಡಿಸಿದೆನಾ ಅಥವಾ ಅವರು ತೋರಿಸಿದ್ದನ್ನು ನೋಡಿಕೊಂಡು ಬಂದೆನಾ ಅಂತ ಅನುಮಾನ.

ಆದರೂ ಗಾಡ್ ಆಫ್ ವಾರ್ ರಾಗ್ನರಾಕ್‌ಗಿಂತ ಸಾವಿರ ಪಾಲು ಮೇಲು. ಅದರಲ್ಲಿ ಒಗಟಿನ ಮುಂದೆ ನಿಂತು ಉಸಿರು ತೆಗೆದುಕೊಳ್ಳುವುದರೊಳಗೆ ಜೊತೆಗಿರುವವರು ಉತ್ತರ ಹೇಳಿಬಿಡುತ್ತಾರೆ. ಪರೀಕ್ಷೆ ಹಾಲ್‌ನಲ್ಲಿ ಪಕ್ಕದವನು ಹಾಗೆ ಮಾಡಿದ್ದರೆ ಬೇಕಾಗಿತ್ತು, ಇಲ್ಲಿ ಯಾಕೆ?

ತೋಟದಮನೆ

ಅದಕ್ಕೆ ಸರಿಯಾದ ಮದ್ದು ಇಂಡಿಯಾನಾ ಜೋನ್ಸ್‌ನಲ್ಲಿದೆ, 2024ರ ಡಿಸೆಂಬರ್‌ನಲ್ಲಿ ಬಂದ ದ ಗ್ರೇಟ್ ಸರ್ಕಲ್. ಸುಳಿವು ಬೇಕಾದರೆ ಕ್ಯಾಮೆರಾ ತೆಗೆದು ಒಗಟಿನ ಫೋಟೋ ಹೊಡೆಯಬೇಕು, ಆಗ ಒಂದು ಸುಳಿವು. ಬೇಡವಾದರೆ ಯಾರೂ ಬಾಯಿ ಬಿಡಲ್ಲ. ಒಗಟಿನ ಕಷ್ಟವನ್ನು ಹೊಡೆದಾಟದ ಕಷ್ಟದಿಂದ ಬೇರೆಯಾಗಿ ಹೆಚ್ಚು ಕಡಿಮೆ ಮಾಡಿಕೊಳ್ಳಲೂಬಹುದು. ಕಥೆ 1937ರಲ್ಲಿ ನಡೆಯುತ್ತದೆ, ವ್ಯಾಟಿಕನ್ ಭಾಗವಂತೂ ಬಹಳ ಚೆನ್ನಾಗಿದೆ. ಒಗಟುಗಳು ಸುಲಭ, ಆದರೆ ಯೋಚನೆ ಮಾಡಲು ಬಿಡುತ್ತಾರೆ.

ಒಂದೇ ತೊಂದರೆ, 120 ಜಿಬಿ ಜಾಗ ಕೇಳುತ್ತದೆ, ರೇ ಟ್ರೇಸಿಂಗ್ (ಬೆಳಕು ನೆರಳನ್ನು ಲೆಕ್ಕ ಹಾಕಿ ತೋರಿಸುವುದು) ಇರುವ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ನಮ್ಮ ತೋಟದ ನೆಟ್‌ನಲ್ಲಿ ಅದನ್ನು ಇಳಿಸಿಕೊಳ್ಳುವ ಮಾತೇ ಇಲ್ಲ. ಚಿಕ್ಕಮಗಳೂರಿನಲ್ಲಿ ಭಾವನ ಮನೆಗೆ ಹೋದಾಗ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಕೊಂಡು ಬಂದೆ, ಊಟ ಎರಡು ಹೊತ್ತು ಅಲ್ಲೇ ಆಯಿತು.

ಗೊರೂರು_ಹಿನ್ನೀರು

ನಮ್ಮ ಕಡೆಯ ಜಾಗ ಇಟ್ಟುಕೊಂಡು ಯಾಕೆ ಯಾರೂ ಇಂಥದ್ದು ಮಾಡಲ್ಲ? ಬೇಲೂರು, ಹಳೇಬೀಡು ಇರುವ ಜಿಲ್ಲೆ ಇದು.

ಕಾಫಿಹೂ

ಮಾಡಿದರೂ ‘ರಾಜಿ’ ಅನ್ನೋ ಆಟದ ಥರ ಮಾಡುತ್ತಾರೆ ಅಂತ ಭಯ. ಪುಣೆಯವರು 2020ರಲ್ಲಿ ಮಾಡಿದ್ದು. ನೋಡೋಕೆ ಕಣ್ಣಿಗೆ ಹಬ್ಬ. ಒಗಟು ಅಂತ ಬಂದರೆ ಚಕ್ರ ತಿರುಗಿಸಿ ಚಿತ್ರ ಕೂಡಿಸು, ಮತ್ತೆ ಚಕ್ರ ತಿರುಗಿಸಿ ಚಿತ್ರ ಕೂಡಿಸು. ಆ ಕಟ್ಟಡಕ್ಕೂ ಆ ಒಗಟಿಗೂ ಏನೂ ಸಂಬಂಧ ಇಲ್ಲ.

ನಮ್ಮಲ್ಲಿ ಮಾಡೋದಾದರೆ ಸಕಲೇಶಪುರದ ಮಂಜರಾಬಾದ್ ಕೋಟೆ ಇಟ್ಟುಕೊಳ್ಳಲಿ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಒಳಗೆ ನಿಂತವರಿಗೆ ಅದು ನಕ್ಷತ್ರ ಅಂತ ಗೊತ್ತೇ ಆಗಲ್ಲ. ಗೋಡೆ ಹಿಡಿದು ನಡೆದು, ಎಲ್ಲೆಲ್ಲಿ ತಿರುಗಿತು ಅಂತ ಕಾಗದದ ಮೇಲೆ ಗೆರೆ ಹಾಕುತ್ತಾ ಹೋದರೆ ನಕ್ಷೆ ತಾನಾಗಿ ಮೂಡುತ್ತದೆ. ಅದೇ ಒಗಟು, ಬೇರೆ ಏನೂ ಸೇರಿಸಬೇಕಾಗಿಲ್ಲ.

ಬಿಎಂ_ರಸ್ತೆ_ಹಾಸನ

ವೆಣ್ಬಾ ಆಡಿದವರು ಯಾರಾದರೂ ಇದ್ದೀರಾ? 2023ರದ್ದು, ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆ ಆಟ. ಕಥೆ ತುಂಬಾ ಒಳ್ಳೇದು, ಆದರೆ ಮೊದಲ ಒಗಟೇ ಇಡ್ಲಿ ತಟ್ಟೆ ಹೇಗೆ ಜೋಡಿಸಬೇಕು ಅನ್ನೋದು. ಅಮ್ಮ ಹಿಂದೆ ನಿಂತು ನೋಡಿ ಇದಕ್ಕೆಲ್ಲ ದುಡ್ಡು ಕೊಟ್ಯಾ ಅಂದರು.

ಮೇಷ್ಟ್ರು_ಅರಸೀಕೆರೆ

ಎಲ್ಲರೂ ಎಲ್ಲೆಲ್ಲಿಗೋ ಹೋದಿರಿ. ಮೂಲ ಪ್ರಶ್ನೆಗೆ ಬರೋಣ. ಅದೃಷ್ಟ ಅನ್ನೋದು ಕೋಣೆ ಬರುವುದರಲ್ಲಿ ಮಾತ್ರ ಇಲ್ಲ, ಊಹೆ ಹೊಡೆಯುವುದರಲ್ಲೂ ಇದೆ. ಆಟಗಾರ ಬಾಯಿಗೆ ಬಂದ ಉತ್ತರ ಹಾಕಿ ಪಾಸಾಗದಂತೆ ಹೇಗೆ ತಡೆಯುತ್ತೀರಿ? ಇದಕ್ಕೆ ನಾನು ಕಂಡ ಒಳ್ಳೇ ಉಪಾಯ 2018ರ ರಿಟರ್ನ್ ಆಫ್ ದ ಓಬ್ರಾ ಡಿನ್. ಈಸ್ಟ್ ಇಂಡಿಯಾ ಕಂಪನಿಯ ಹಡಗು, 60 ಜನ, ಒಬ್ಬೊಬ್ಬರ ಹೆಸರೇನು, ಹೇಗೆ ಸತ್ತರು ಅಂತ ಪುಸ್ತಕದಲ್ಲಿ ತುಂಬಬೇಕು. ಮೂರು ಜನರದ್ದು ಸರಿಯಾದಾಗ ಮಾತ್ರ ಸರಿ ಅನ್ನುತ್ತದೆ. ಒಬ್ಬ ನಾವಿಕನ ಹೆಸರು ನನಗೆ ಸಿಕ್ಕಿದ್ದು, ಮಲಗುವ ಜೋಲಿಯಿಂದ ಹೊರಗೆ ಚಾಚಿದ್ದ ಅವನ ಕಾಲಿನ ಜೋಡು ನೋಡಿ. ಅಷ್ಟು ಗಮನ ಕೊಟ್ಟು ನೋಡುವ ಹಾಗೆ ಮಾಡಿದ್ದೇ ಆ ಮೂರರ ನಿಯಮ. ಈಗ 2025ರ ಜನವರಿಯಲ್ಲಿ ಬಂದ ದ ರೂಟ್‌ಟ್ರೀಸ್ ಆರ್ ಡೆಡ್‌ನಲ್ಲೂ ಅದೇ ಉಪಾಯ. 1998ರ ಕಾಲದ ಡಯಲಪ್ ಇಂಟರ್ನೆಟ್ ಹಿಡಿದು ಒಂದು ಮಿಠಾಯಿ ಕಂಪನಿ ಮನೆತನದ ವಂಶಾವಳಿ ತುಂಬಬೇಕು. ಮದುವೆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಹೇಳಿ ಅಭ್ಯಾಸ ಇರುವ ನನ್ನ ಹೆಂಡತಿ ನನಗಿಂತ ಮುಂದೆ ಹೋದಳು.

ತೋಟದಮನೆ

ಮೇಷ್ಟ್ರೇ, ಎರಡು ಖಚಿತವಾಗಿ ಗೊತ್ತಿದ್ದರೆ ಮೂರನೆಯದನ್ನು ಒಂದೊಂದೇ ಹಾಕಿ ನೋಡಬಹುದಲ್ಲ. ಓಬ್ರಾ ಡಿನ್‌ನಲ್ಲೂ ಜನ ಹಾಗೆ ಮಾಡುತ್ತಾರೆ.

ಮೇಷ್ಟ್ರು_ಅರಸೀಕೆರೆ

ಮಾಡಬಹುದು. ಮಾಡಿದವರಿಗೆ ತಾವು ಏನು ಕಳೆದುಕೊಂಡೆವು ಅಂತ ಗೊತ್ತಿರುತ್ತದೆ. ಆದರೂ ಗೋಲ್ಡನ್ ಐಡಲ್ ಅನ್ನೋ ಪತ್ತೇದಾರಿ ಆಟಕ್ಕಿಂತ ಇದು ವಾಸಿ. ಅಲ್ಲಿ ‘ಎರಡು ಅಥವಾ ಅದಕ್ಕಿಂತ ಕಡಿಮೆ ತಪ್ಪಿವೆ’ ಅಂತ ತಾನೇ ಹೇಳಿಬಿಡುತ್ತದೆ. ಅಷ್ಟು ಹೇಳಿದ ಮೇಲೆ ಯಾರು ಯೋಚನೆ ಮಾಡುತ್ತಾರೆ, ಎರಡು ಹೆಸರು ಅದಲು ಬದಲು ಮಾಡಿ ನೋಡುತ್ತಾರೆ.

ಕಾಫಿಹೂ

ಗೋಲ್ಡನ್ ಐಡಲ್ ಬೈಯಬೇಡಿ ಸಾರ್. ಆ ಸಾಲು ಇಲ್ಲದಿದ್ದರೆ ಒಂದು ಪದ ಹೆಚ್ಚು ಕಡಿಮೆಯಾಗಿ ರಾತ್ರಿಯೆಲ್ಲ ಕೂರಬೇಕಾಗಿತ್ತು. ಲಾಟ್ವಿಯಾದ ಅಣ್ಣತಮ್ಮಂದಿರು ಮಾಡಿದ್ದು, 2022ರ ಮೊದಲ ಆಟದ ಚಿತ್ರಗಳೇ ಒಂಥರಾ ವಿಕಾರ, ಅದರಲ್ಲೇ ಸೊಗಸು. 2024ರ ಎರಡನೆಯದರಲ್ಲಿ ಕಥೆ 1970ರ ದಶಕಕ್ಕೆ ಬಂತು, ಚಿತ್ರ ಚೊಕ್ಕವಾಯಿತು, ಆ ಗಬ್ಬು ಚೆಲುವು ಹೋಯಿತು.

ಬಿಎಂ_ರಸ್ತೆ_ಹಾಸನ

ಸರಿ, ಜಗಳ ಸಾಕು. ನನ್ನ ಡಬ್ಬಾ ಲ್ಯಾಪ್‌ಟಾಪ್‌ಗೆ ಮುಂದಿನದು ಯಾವುದು ತಗೊಳ್ಳಲಿ? ಸೇಲ್ ಬಂದಾಗ ಒಂದೇ ತಗೊಳ್ಳೋಕೆ ಆಗೋದು. ಇಬ್ಬರು ಸೇರಿ ಆಡುವ ಸ್ಪ್ಲಿಟ್ ಫಿಕ್ಷನ್ ಓಡಲ್ಲ ಅಂತ ಗೊತ್ತು. ಅದರಲ್ಲಿ ಒಬ್ಬರು ಕೊಂಡರೆ ಗೆಳೆಯನೂ ಸೇರಿ ಆಡಬಹುದಂತೆ.

ತೋಟದಮನೆ

ಸ್ಪ್ಲಿಟ್ ಫಿಕ್ಷನ್ ಬೇಕಾದರೆ ನಮ್ಮನೆಗೆ ಬಾ, ನನಗೂ ಜೊತೆಗಾರ ಇಲ್ಲ. ಇಬ್ಬರೂ ಹಂದಿಯಾಗಿ ಓಡಾಡಿ ಕೊನೆಗೆ ಸಾಸೇಜ್ ಆಗುವ ಒಂದು ಭಾಗ ಇದೆ, ಅದೊಂದಕ್ಕೇ ಬರಬಹುದು. ಒಗಟು ಅಂತ ನಿರೀಕ್ಷೆ ಮಾತ್ರ ಬೇಡ. ನಿನ್ನ ಲ್ಯಾಪ್‌ಟಾಪ್‌ಗೆ ಓಬ್ರಾ ಡಿನ್ ತಗೋ. ಒಂದು ಸಲ ಬಿಡಿಸಿದ ಮೇಲೆ ಮತ್ತೆ ಆಡೋಕಾಗಲ್ಲ, ಹಾಗಾಗಿ ಇನ್ನೊಂದು ಸಲ ಇಲ್ಲಿ ಅದರ ಬಗ್ಗೆ ಏನೂ ಓದಬೇಡ.

ಮೇಷ್ಟ್ರು_ಅರಸೀಕೆರೆ

ಜೋಡಿನ ವಿಷಯ ನಾನು ಆಗಲೇ ಹೇಳಿಬಿಟ್ಟಿದ್ದೇನೆ. ಹಾಗಾಗಿ ಗೋಲ್ಡನ್ ಐಡಲ್ ಮೊದಲನೆಯದನ್ನೇ ತಗೋ. ‘ಎರಡು ಅಥವಾ ಕಡಿಮೆ’ ಅಂತ ಬಂದಾಗ ಮೌಸ್‌ನಿಂದ ಕೈ ತೆಗೆದು ಕೂರು.